‘ಒಂದೇ ಕ್ಲಿಕ್’ ಲೇಖನಕ್ಕೆ ಒಂದು ತಕರಾರು

ಸಂಪಾದಕರಿಗೆ ನಮಸ್ಕಾರ.

ವರ್ಚುವಲ್ ಮಷೀನ್‌ಗಳನ್ನು, ಅಂದರೆ ಸಾಫ್ಟ್‌ವೇರ್ ರೂಪದಲ್ಲೇ ಇರುವ ಕಂಪ್ಯೂಟರ್‌ಗಳನ್ನು, ಒಂದು ವೇದಿಕೆಯಿಂದ ಇನ್ನೊಂದಕ್ಕೆ ಸಾಗಿಸುವ ಬಗ್ಗೆ ನಿಮ್ಮ ತಂತ್ರಜ್ಞಾನ ಪುಟದಲ್ಲಿ ಬಂದ ಲೇಖನ ಓದಿದೆ. ಈ ವಿಷಯ ಆರಿಸಿಕೊಂಡದ್ದಕ್ಕೆ ಮೊದಲು ಥ್ಯಾಂಕ್ಸ್. ಸರ್ವರ್ ಕೋಣೆಯೊಳಗಿನ ಕೆಲಸ ಪತ್ರಿಕೆಗೆ ಬರುವುದೇ ಅಪರೂಪ. ಬಂದರೂ ಏನೋ ಕೆಟ್ಟು ನಿಂತಾಗ ಮಾತ್ರ. ಆದರೆ ‘ಒಂದೇ ಕ್ಲಿಕ್, ಬಳಸುವವರಿಗೆ ಗೊತ್ತೇ ಆಗದು’ ಅನ್ನುವ ಆ ತಲೆಬರಹದಿಂದ ನನಗೆ ಪೇಚಾಟವಾಯಿತು. ನಮ್ಮ ಹಣಕಾಸು ವಿಭಾಗದ ಮೇಡಂ ಅದನ್ನು ಕತ್ತರಿಸಿ ನನ್ನ ಮೇಜಿನ ಮೇಲೆ ಇಟ್ಟು ಹೋಗಿದ್ದರು. ‘ಇಷ್ಟು ಸುಲಭ ಇದ್ದರೆ ನೀವ್ಯಾಕೆ ತಿಂಗಳುಗಟ್ಟಲೆ ಸಮಯ ಕೇಳ್ತಿದ್ದೀರಿ?’ ಅಂತ ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ ಬರೆದಿತ್ತು. ಅವರಿಗೆ ಕೊಡಬೇಕಾದ ಉತ್ತರವನ್ನು ನಿಮಗೇ ಬರೆಯುತ್ತಿದ್ದೇನೆ. ಇಂಥ ಪೆನ್ಸಿಲ್ ಹಿಡಿದವರು ನಿಮ್ಮ ಓದುಗರಲ್ಲಿ ಇನ್ನೂ ಇರಬಹುದು.

ನಾನು ಮಧ್ಯಮ ಗಾತ್ರದ ಸಂಸ್ಥೆಯೊಂದರ ಸಿಸ್ಟಮ್ ಅಡ್ಮಿನ್. ಕೆಲಸಕ್ಕೆ ಸೇರಿದಾಗ ಒಂದೊಂದು ಸಾಫ್ಟ್‌ವೇರ್‌ಗೆ ಒಂದೊಂದು ಕಬ್ಬಿಣದ ಪೆಟ್ಟಿಗೆ ಇತ್ತು. ಆಮೇಲೆ ಅವೆಲ್ಲ ಒಂದೊಂದಾಗಿ ವರ್ಚುವಲ್ ಮಷೀನ್ ಆದವು. ಈಗ ಆ ಮಷೀನ್‌ಗಳನ್ನೇ ಹಳೆಯ ಹೈಪರ್‌ವೈಸರ್‌ನಿಂದ ತೆಗೆದು ಹೊಸದರ ಮೇಲೆ ಕೂರಿಸುತ್ತಿದ್ದೇವೆ. ಹೈಪರ್‌ವೈಸರ್ ಅಂದರೆ ಒಂದೇ ಸರ್ವರ್ ಮೇಲೆ ಹತ್ತಾರು ಕಂಪ್ಯೂಟರ್‌ಗಳಿವೆ ಎಂದು ನಂಬಿಸುವ ತಳದ ಸಾಫ್ಟ್‌ವೇರ್. ಉಪಾಯ ಹೊಸದೇನಲ್ಲ. ಐಬಿಎಂ ತನ್ನ ದೊಡ್ಡ ಯಂತ್ರಗಳಿಗೆ ವಿಎಂ/370 ತಂದದ್ದು 1972ರಲ್ಲಿ.

ಮೊದಲು ಒಂದು ಗೊಂದಲ ಬಿಡಿಸಬೇಕು. ಓಡುತ್ತಿರುವ ಮಷೀನನ್ನು ನಿಲ್ಲಿಸದೆಯೇ ಸಾಗಿಸಬಹುದು ಎಂದು ಲೇಖನ ಹೇಳುತ್ತದೆ. ಇದು ಸುಳ್ಳಲ್ಲ, ಆದರೆ ಅದು ಬೇರೆಯೇ ವಿಷಯ. ಹೈಪರ್‌ವೈಸರ್ ಮಾರುವ ವಿಎಂವೇರ್ ಕಂಪನಿ 2003ರಲ್ಲಿ ವಿ-ಮೋಶನ್ ಎಂಬ ಸೌಲಭ್ಯ ತಂದಾಗ ನಮ್ಮ ಕ್ಷೇತ್ರದವರು ಕಣ್ಣರಳಿಸಿ ನೋಡಿದ್ದು ನಿಜ. ಮಷೀನ್ ಓಡುತ್ತಿರುವಾಗಲೇ ಅದರ ಮೆಮೊರಿಯಲ್ಲಿ ಇರುವುದನ್ನು ಪಕ್ಕದ ಸರ್ವರ್‌ಗೆ ಕಳಿಸುತ್ತಾರೆ. ಅಷ್ಟರಲ್ಲಿ ಬದಲಾದದ್ದನ್ನು ಮತ್ತೆ ಕಳಿಸುತ್ತಾರೆ. ಕೊನೆಯ ಚೂರಿಗೆ ಮಾತ್ರ ಮಷೀನನ್ನು ಕ್ಷಣ ಹೊತ್ತು ತಡೆದು, ಆ ಕಡೆ ಎಬ್ಬಿಸುತ್ತಾರೆ. ಇಂದು ಕೆವಿಎಂ, ಹೈಪರ್-ವಿ ಮುಂತಾದ ಬೇರೆ ಹೈಪರ್‌ವೈಸರ್‌ಗಳಲ್ಲೂ ಈ ಸೌಲಭ್ಯ ಇದೆ. ಆದರೆ ಅಲ್ಲಿ ಎರಡೂ ಕಡೆ ಇರುವುದು ಒಂದೇ ಹೈಪರ್‌ವೈಸರ್. ಅದೇ ಡಿಸ್ಕ್ ಕಂಟ್ರೋಲರ್, ಅದೇ ನೆಟ್‌ವರ್ಕ್ ಕಾರ್ಡ್, ಮಷೀನನ್ನು ಎಬ್ಬಿಸುವ ಅದೇ ಬಯಾಸ್. ಬೇರೆ ಕುಲದ ಹೈಪರ್‌ವೈಸರ್‌ಗೆ ಹೋಗುವಾಗ ಹಾಗೆ ಆಗುವುದಿಲ್ಲ. ಇಲ್ಲಿ ಮಷೀನ್ ಆರಿಸಲೇಬೇಕು, ಅಲ್ಲಿ ಮತ್ತೆ ಶುರು ಮಾಡಲೇಬೇಕು. ಬಳಸುವವರಿಗೆ ಗೊತ್ತಾಗಿಯೇ ಆಗುತ್ತದೆ. ಎಷ್ಟು ಹೊತ್ತು ಅನ್ನುವುದು ಮಾತ್ರ ನಮ್ಮ ಕೈಯಲ್ಲಿದೆ.

ಈಗ್ಯಾಕೆ ಎಲ್ಲರೂ ವಿಎಂವೇರ್ ಬಿಟ್ಟು ಒಟ್ಟಿಗೆ ಹೊರಟಿದ್ದಾರೆ ಅನ್ನುವುದನ್ನು ನಿಮ್ಮ ಲೇಖನ ಒಂದೇ ಸಾಲಿನಲ್ಲಿ ಮುಗಿಸಿದೆ. ಕಥೆ ತೀರಾ ಉದ್ದವೇನಲ್ಲ. ವಿಎಂವೇರ್ ಅನ್ನು ಕೊಳ್ಳುವುದಾಗಿ ಬ್ರಾಡ್‌ಕಾಮ್ ಕಂಪನಿ ಹೇಳಿದ್ದು 2022ರ ಮೇ ತಿಂಗಳಲ್ಲಿ. ಆಗ ಹೇಳಿದ ಮೊತ್ತ ಸುಮಾರು 6,100 ಕೋಟಿ ಡಾಲರ್. ವ್ಯವಹಾರ ಮುಗಿದದ್ದು 2023ರ ನವೆಂಬರ್‌ನಲ್ಲಿ. ಮರುತಿಂಗಳೇ ಶಾಶ್ವತ ಲೈಸೆನ್ಸ್ ಮಾರುವುದು ನಿಂತಿತು, ಚಂದಾ ಪದ್ಧತಿ ಮಾತ್ರ ಉಳಿಯಿತು. 2024ರ ಫೆಬ್ರವರಿಯಲ್ಲಿ ವಿಎಂವೇರ್‌ನ ಹೈಪರ್‌ವೈಸರ್ ಇಎಸ್‌ಎಕ್ಸ್‌ಐನ ಉಚಿತ ಆವೃತ್ತಿ ಕೂಡ ನಿಂತಿತು. 2025ರ ಏಪ್ರಿಲ್‌ನಲ್ಲಿ ಅದು ಮತ್ತೆ ಬಂತು ಅನ್ನಿ. ಇಎಸ್‌ಎಕ್ಸ್‌ಐ ಒಳಗೊಂಡ ಅವರ ವಿ-ಸ್ಫಿಯರ್ ವೇದಿಕೆಯ 7ನೇ ಆವೃತ್ತಿಗೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 2ಕ್ಕೆ ಮುಗಿಯಿತು. ಇದು ಸರಿಯೋ ತಪ್ಪೋ ಅನ್ನುವ ವಾದಕ್ಕೆ ನಾನು ಹೋಗುವುದಿಲ್ಲ. ಸರಕಿನ ಮಾಲೀಕರು ಬೆಲೆ ಕಟ್ಟುತ್ತಾರೆ, ಕೊಳ್ಳುವವರು ಲೆಕ್ಕ ಹಾಕುತ್ತಾರೆ. ಲೆಕ್ಕ ಹಾಕಿದ ಹಲವರು ಬೇರೆ ಕಡೆ ನೋಡಿದರು. ಪ್ರಾಕ್ಸ್‌ಮಾಕ್ಸ್, ನುಟಾನಿಕ್ಸ್‌ನ ಎಎಚ್‌ವಿ, ಎಕ್ಸ್‌ಸಿಪಿ-ಎನ್‌ಜಿ, ಹೈಪರ್-ವಿ ಎಲ್ಲ ಹೀಗೆ ಕಣ್ಣಿಗೆ ಬಿದ್ದವು. ಇವುಗಳಲ್ಲಿ ಮೊದಲ ಎರಡಕ್ಕೂ ತಳದಲ್ಲಿ ಇರುವುದು ಕೆವಿಎಂ. 2007ರಲ್ಲಿ ಲಿನಕ್ಸ್ ಕರ್ನಲ್ 2.6.20ರ ಜೊತೆ ಬಂದದ್ದು ಅದು. ಎಳಸು ಸಾಮಾನೇನಲ್ಲ.

ಇನ್ನು ಆ ‘ಕ್ಲಿಕ್’ ವಿಷಯ. ಕ್ಲಿಕ್ ಇದೆ, ಇಲ್ಲ ಅನ್ನುವುದಿಲ್ಲ. ಪ್ರಾಕ್ಸ್‌ಮಾಕ್ಸ್‌ನವರು 2024ರ ಮಾರ್ಚ್‌ನಲ್ಲಿ ಇಎಸ್‌ಎಕ್ಸ್‌ಐನಿಂದ ನೇರವಾಗಿ ಮಷೀನ್ ಎಳೆದುಕೊಳ್ಳುವ ಸಾಧನ ಕೊಟ್ಟರು. ನುಟಾನಿಕ್ಸ್‌ಗೆ ಮೂವ್ ಅನ್ನುವುದಿದೆ. ಲಿನಕ್ಸ್ ಲೋಕದಲ್ಲಿ ವರ್ಟ್-ವಿ2ವಿ ಎಂಬ ಸಾಧನ ವರ್ಷಗಳಿಂದ ಇದೆ. ಹಳೆಯ ವಿಎಂಡಿಕೆ ಡಿಸ್ಕ್ ಫೈಲನ್ನು ಕ್ಯೂಕೌ2 ರೂಪಕ್ಕೆ ತಿರುಗಿಸಲು ಒಂದೇ ಒಂದು ಕಮಾಂಡ್ ಸಾಕು. ಡಿಸ್ಕ್‌ನಲ್ಲಿ ಇರುವುದೆಲ್ಲ ಹೊಸ ಜಾಗಕ್ಕೆ ಚಾಚೂ ತಪ್ಪದೆ ಬಂದು ಬೀಳುತ್ತದೆ. ಈ ಭಾಗದಲ್ಲಿ ನನಗೆ ಯಾವ ದೂರೂ ಇಲ್ಲ.

ತೊಂದರೆ ಶುರುವಾಗುವುದು ಆಮೇಲೆ. ನಿದ್ದೆಯಲ್ಲಿದ್ದವರನ್ನು ಹಾಗೆಯೇ ಎತ್ತಿಕೊಂಡು ಹೋಗಿ ಬೇರೆ ಮನೆಯಲ್ಲಿ ಮಲಗಿಸಿದ ಹಾಗೆ ಇದು. ಅವರು ಎದ್ದು ಲೈಟ್ ಹಾಕಲು ಹಳೆಯ ಗೋಡೆಯನ್ನೇ ತಡಕುತ್ತಾರೆ. ವಿಂಡೋಸ್ ಮಷೀನ್ ಮಾಡುವುದೂ ಅದನ್ನೇ. ಹಳೆಯ ಕಡೆ ಡಿಸ್ಕ್ ಓದಲು ಒಂದು ಬಗೆಯ ಕಂಟ್ರೋಲರ್ ಇತ್ತು, ಅದರ ಜೊತೆ ಮಾತಾಡುವ ಸಣ್ಣ ಸಾಫ್ಟ್‌ವೇರ್, ಅಂದರೆ ಡ್ರೈವರ್, ಒಳಗಿತ್ತು. ಹೊಸ ಕಡೆ ಇರುವುದು ವರ್ಟ್‌ಐಒ ಅನ್ನುವ ಬೇರೆ ಬಗೆ. ಅದರ ಡ್ರೈವರ್ ವಿಂಡೋಸ್ ಜೊತೆಗೆ ಬರುವುದಿಲ್ಲ. ಹಾಗಾಗಿ ವಿಂಡೋಸ್ ಅರ್ಧ ಎದ್ದು, ತನ್ನದೇ ಡಿಸ್ಕ್ ಕಾಣದೆ, ‘ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್’ ಎಂದು ನೀಲಿ ಪರದೆ ತೋರಿಸಿ ಬಿದ್ದುಬಿಡುತ್ತದೆ. ಡಿಸ್ಕ್ ಅಲ್ಲೇ ಇದೆ, ಒಂದಕ್ಷರ ಕೆಟ್ಟಿಲ್ಲ. ಆದರೂ ಏಳುವುದಿಲ್ಲ.

ಇದಕ್ಕೆ ಮದ್ದು ಇದೆ, ಕಷ್ಟದ್ದೂ ಅಲ್ಲ. ವರ್ಟ್-ವಿ2ವಿಯಂಥ ಸಾಧನಗಳು ಡ್ರೈವರ್ ಅನ್ನು ತಾವೇ ಒಳಗೆ ಹಾಕುತ್ತವೆ. ಕೈಯಲ್ಲೇ ಮಾಡುವವರಿಗೆ ನಮ್ಮ ತಂಡದ ಹುಡುಗಿಯೊಬ್ಬಳು ಪಾಲಿಸುವ ಕ್ರಮ ಚೆನ್ನಾಗಿದೆ. ಹೊಸ ಕಡೆ ಮೊದಲು ಮಷೀನನ್ನು ಸಾಟಾ ಅನ್ನುವ ಸಾಮಾನ್ಯ ಬಗೆಯ ಡಿಸ್ಕ್‌ನಿಂದಲೇ ಎಬ್ಬಿಸುತ್ತಾಳೆ. ಸಾಟಾ ಡ್ರೈವರ್ ವಿಂಡೋಸ್‌ನಲ್ಲಿ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಪಕ್ಕದಲ್ಲಿ ಒಂದು ಜಿಬಿಯ ಖಾಲಿ ಡಿಸ್ಕನ್ನು ವರ್ಟ್‌ಐಒ ಮೂಲಕ ಸಿಕ್ಕಿಸುತ್ತಾಳೆ. ಡ್ರೈವರ್ ಹಾಕುತ್ತಾಳೆ. ಆ ಖಾಲಿ ಡಿಸ್ಕ್ ವಿಂಡೋಸ್‌ಗೆ ಕಾಣಿಸಿತು ಅಂದರೆ ಡ್ರೈವರ್ ಕೂತಿತು ಅಂತ ಅರ್ಥ. ಆಮೇಲೆ ಮಷೀನ್ ಆರಿಸಿ, ಖಾಲಿ ಡಿಸ್ಕ್ ಕಿತ್ತು, ಮುಖ್ಯ ಡಿಸ್ಕನ್ನೂ ವರ್ಟ್‌ಐಒಗೆ ಬದಲಿಸುತ್ತಾಳೆ. ಸುಮ್ನೆ ಸಾಟಾದಲ್ಲೇ ಬಿಟ್ಟರೂ ಓಡುತ್ತದಲ್ಲ ಎಂದು ಕೆಲವರು ಬಿಡುತ್ತಾರೆ. ಓಡುತ್ತದೆ, ಆದರೆ ಡೇಟಾಬೇಸ್ ಇರುವ ಮಷೀನ್‌ನಲ್ಲಿ ಮರುದಿನವೇ ‘ಯಾಕೋ ನಿಧಾನ’ ಅಂತ ಫೋನ್ ಬರುತ್ತದೆ.

ಇನ್ನೊಂದು ಕಿವಿಮಾತು. ಹಳೆಯ ವೇದಿಕೆಯ ಸಹಾಯಕ ಸಾಫ್ಟ್‌ವೇರ್, ವಿಎಂವೇರ್ ಟೂಲ್ಸ್ ಥರದ್ದು, ಹೊರಡುವ ಮುನ್ನವೇ ತೆಗೆಯುವುದು ಮೇಲು. ಹೋದ ಮೇಲೆ ತೆಗೆಯಲು ಹೊರಟರೆ ಅದರ ಇನ್‌ಸ್ಟಾಲರ್ ತಾನು ಎಲ್ಲಿದ್ದೇನೆ ಎಂದು ನೋಡಿ ಹಠ ಹಿಡಿಯುವುದುಂಟು. ಸ್ನ್ಯಾಪ್‌ಶಾಟ್‌ಗಳನ್ನೂ, ಅಂದರೆ ಬೇಕಾದರೆ ಹಿಂದಿರುಗಲು ಹಿಡಿದಿಟ್ಟ ಮಷೀನ್‌ನ ಹಳೆಯ ಸ್ಥಿತಿಗಳನ್ನೂ, ಮೊದಲೇ ಅಳಿಸಿ ಒಂದಾಗಿಸಬೇಕು. ಎಂದೋ ‘ಒಂದು ದಿನಕ್ಕೆ ಇರಲಿ’ ಎಂದು ತೆಗೆದ ಸ್ನ್ಯಾಪ್‌ಶಾಟ್ ವರ್ಷಗಟ್ಟಲೆ ಉಳಿದಿರುವುದನ್ನು ಈ ಕೆಲಸದಲ್ಲಿ ಇರುವವರೆಲ್ಲ ನೋಡಿರುತ್ತಾರೆ.

ಲಿನಕ್ಸ್ ಮಷೀನ್‌ಗಳು ಡಿಸ್ಕ್ ವಿಷಯದಲ್ಲಿ ಅಷ್ಟು ಕಾಡುವುದಿಲ್ಲ. ವರ್ಟ್‌ಐಒ ಡ್ರೈವರ್ ಕರ್ನಲ್ ಜೊತೆಗೇ ಇರುತ್ತದೆ. ಬೂಟ್ ಆಗುವಾಗ ಬೇಕಾದ ಇನಿಟ್‌ರಾಮ್‌ಎಫ್‌ಎಸ್ ಎಂಬ ಫೈಲ್‌ನಲ್ಲಿ ಅದು ಸೇರಿದೆಯೇ ಎಂದು ನೋಡಿಕೊಂಡರೆ ಸಾಕು. ಅವು ಕಾಡುವುದು ನೆಟ್‌ವರ್ಕ್‌ನಲ್ಲಿ. ಹಳೆಯ ಕಡೆ ನೆಟ್‌ವರ್ಕ್ ಕಾರ್ಡಿನ ಹೆಸರು ಇಎನ್‌ಎಸ್192 ಎಂದಿತ್ತು ಅನ್ನಿ. ಹೊಸ ಕಡೆ ಅದು ಇಎನ್‌ಎಸ್18 ಆಗುತ್ತದೆ. ಯಾಕೆಂದರೆ ಹೆಸರು ಬರುವುದು ಕಾರ್ಡ್ ಕೂತ ಜಾಗದಿಂದ. ಐಪಿ ವಿಳಾಸ ಬರೆದಿರುವುದು ಹಳೆಯ ಹೆಸರಿನ ಅಡಿ. ಹೊಸ ಹೆಸರಿಗೆ ಯಾವ ವಿಳಾಸವೂ ಇಲ್ಲ. ಮಷೀನ್ ಚೆನ್ನಾಗಿ ಏಳುತ್ತದೆ, ಎಲ್ಲ ಸೇವೆಗಳೂ ಓಡುತ್ತವೆ, ಆದರೆ ಯಾರಿಗೂ ಸಿಗುವುದಿಲ್ಲ. ವಿಂಡೋಸ್‌ನಲ್ಲಿ ಇದರದೇ ಇನ್ನೊಂದು ರೂಪ. ಹಳೆಯ ಕಾರ್ಡ್ ಕಣ್ಣಿಗೆ ಕಾಣದಿದ್ದರೂ ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಇಡುವ ರಿಜಿಸ್ಟ್ರಿಯಲ್ಲಿ ಉಳಿದಿರುತ್ತದೆ. ಅದೇ ಐಪಿಯನ್ನು ಹೊಸ ಕಾರ್ಡಿಗೆ ಕೊಡಲು ಹೋದರೆ ‘ಇದು ಆಗಲೇ ಇನ್ನೊಂದರ ಬಳಿ ಇದೆ’ ಅನ್ನುತ್ತದೆ. ಡಿವೈಸ್ ಮ್ಯಾನೇಜರ್‌ನಲ್ಲಿ ಮರೆಯಾದ ಸಾಧನಗಳನ್ನು ತೋರಿಸಲು ಹೇಳಿ ಅದನ್ನು ಕಿತ್ತುಹಾಕಬೇಕು.

ಬೂಟ್ ವಿಧಾನದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಮೂಲ ಮಷೀನ್ ಬಯಾಸ್‌ನಲ್ಲಿದ್ದರೆ ಹೊಸದನ್ನೂ ಬಯಾಸ್‌ನಲ್ಲೇ ಇಡಿ, ಬಯಾಸ್ ಬದಲಿಗೆ ಬಂದ ಯುಇಎಫ್ಐ ಇದ್ದರೆ ಯುಇಎಫ್ಐ. ಆದರೆ ಡಿಸ್ಕ್‌ಗೆ ಬೀಗ ಹಾಕುವ ವಿಂಡೋಸ್‌ನ ಬಿಟ್‌ಲಾಕರ್ ಇರುವ ಮಷೀನ್ ಇದ್ದರೆ ಎಚ್ಚರ ಬೇಕು. ಅದರ ಕೀಲಿ ಸಾಮಾನ್ಯವಾಗಿ ವರ್ಚುವಲ್ ಟಿಪಿಎಂ, ಅಂದರೆ ಕೀಲಿ ಕಾಯುವ ಚಿಪ್‌ನ ಸಾಫ್ಟ್‌ವೇರ್ ರೂಪದ ಒಳಗೆ ಇರುತ್ತದೆ. ಪ್ರಾಕ್ಸ್‌ಮಾಕ್ಸ್‌ನ ಸಾಧನವನ್ನೇ ತೆಗೆದುಕೊಂಡರೂ ಆ ಟಿಪಿಎಂನ ಒಳಗಿನದು ಜೊತೆಗೆ ಬರುವುದಿಲ್ಲ. ಹೊಸ ಕಡೆ ವಿಂಡೋಸ್ 48 ಅಂಕಿಗಳ ರಿಕವರಿ ಕೀ ಕೇಳುತ್ತದೆ. ಅದನ್ನು ಎಲ್ಲಿ ಬರೆದಿಟ್ಟಿದ್ದೀರಿ ಎಂದು ರಾತ್ರಿ ಎರಡು ಗಂಟೆಗೆ ಹುಡುಕುವುದಕ್ಕಿಂತ, ಸಾಗಿಸುವ ಮುನ್ನ ಬಿಟ್‌ಲಾಕರ್ ತಡೆದಿಡುವುದು ಒಳ್ಳೆಯದು.

ಮೇಡಂ ಅವರ ಪೆನ್ಸಿಲ್ ಪ್ರಶ್ನೆಗೆ ನೇರ ಉತ್ತರ ಸಮಯದ ಲೆಕ್ಕದಲ್ಲಿದೆ. ಒಂದು ಟಿಬಿ ಡೇಟಾ ಒಂದು ಗಿಗಾಬಿಟ್ ತಂತಿಯಲ್ಲಿ ಹೋಗಲು, ತಂತಿ ಪೂರ್ತಿ ನಮ್ಮದೇ ಆದರೂ, ಎರಡು ಗಂಟೆ ಹದಿಮೂರು ನಿಮಿಷ ಬೇಕು. ಹತ್ತು ಗಿಗಾಬಿಟ್ ಆದರೆ ಅದರ ಹತ್ತನೇ ಒಂದು ಭಾಗ. ಇದು ಕಾಗದದ ಮೇಲಿನ ಲೆಕ್ಕ. ತಂತಿ ಎಂದೂ ಪೂರ್ತಿ ನಮ್ಮದಾಗಿರುವುದಿಲ್ಲ. ಹಳೆಯ ಸ್ಟೋರೇಜ್ ಓದುವ ವೇಗ, ಹೊಸದು ಬರೆಯುವ ವೇಗ, ಅದೇ ಹೊತ್ತಿಗೆ ಓಡುವ ಬ್ಯಾಕಪ್, ಎಲ್ಲ ಸೇರಿ ಕಚ್ಚುತ್ತವೆ. ಸಣ್ಣ ಮಷೀನ್‌ಗೆ ಇದು ದೊಡ್ಡ ಮಾತಲ್ಲ. ಆರಿಸಿ, ನಕಲಿಸಿ, ಹಚ್ಚಿ, ಅಷ್ಟೇ. ಆದರೆ ದೊಡ್ಡ ಡೇಟಾಬೇಸ್ ಇರುವ ಮಷೀನನ್ನು ರಾತ್ರಿಯಿಡೀ ಆರಿಸಿಡಲು ಯಾರೂ ಒಪ್ಪುವುದಿಲ್ಲ. ಅಂಥದ್ದಕ್ಕೆ ಬಿಸಿ ಸಾಗಣೆ ಎನ್ನಬಹುದಾದ ಕ್ರಮವಿದೆ. ಮಷೀನ್ ಓಡುತ್ತಿರುವಾಗಲೇ ಡಿಸ್ಕ್‌ನ ಮೊದಲ ನಕಲು ತೆಗೆಯುತ್ತಾರೆ. ಆಮೇಲೆ ಯಾವ ಯಾವ ಬ್ಲಾಕ್ ಬದಲಾಯಿತು ಎಂಬ ಪಟ್ಟಿ ಹಿಡಿದು ಅಷ್ಟನ್ನೇ ಮತ್ತೆ ಮತ್ತೆ ಕಳಿಸುತ್ತಾರೆ. ಕೊನೆಗೆ ಆರಿಸಿ, ಉಳಿದ ಸ್ವಲ್ಪವನ್ನು ಕಳಿಸಿ, ಆ ಕಡೆ ಹಚ್ಚುತ್ತಾರೆ. ನಿಲುಗಡೆ ಗಂಟೆಗಳಿಂದ ನಿಮಿಷಗಳಿಗೆ ಇಳಿಯುತ್ತದೆ. ‘ಗೊತ್ತೇ ಆಗದು’ ಅನ್ನುವ ಮಾತಿಗೆ ಹತ್ತಿರ ಬರುವುದು ಇದೊಂದೇ.

ಆ ಕಡೆ ಹಚ್ಚುವ ಮೊದಲು ಇನ್ನೊಂದನ್ನು ನೋಡಬೇಕು. ಈಗ ಒಂದೇ ಮಷೀನ್ ಎರಡು ಕಡೆ ಇದೆ. ಎರಡಕ್ಕೂ ಒಂದೇ ಹೆಸರು, ಒಂದೇ ಐಪಿ. ಎರಡೂ ಒಟ್ಟಿಗೆ ಎದ್ದರೆ ರಂಪ. ಹಾಗಾಗಿ ನಮ್ಮಲ್ಲಿ ಪರೀಕ್ಷೆಗೆ ಎಬ್ಬಿಸುವಾಗ ನೆಟ್‌ವರ್ಕ್ ಕಿತ್ತೇ ಎಬ್ಬಿಸುತ್ತೇವೆ. ಹೊಸದು ಸರಿಯಾಗಿ ಓಡಿದ ಮೇಲೂ ಹಳೆಯದನ್ನು ಕೂಡಲೇ ಅಳಿಸುವುದಿಲ್ಲ. ಅದರ ನೆಟ್‌ವರ್ಕ್ ಕಿತ್ತು, ತಾನಾಗಿ ಏಳದ ಹಾಗೆ ಮಾಡಿ, ಹೆಸರಿನ ಮುಂದೆ ‘ಮುಟ್ಟಬೇಡಿ’ ಎಂದು ಬರೆದಿಡುತ್ತೇವೆ. ಸಂಸ್ಥೆಯವರ ಹೆಸರು, ಪಾಸ್‌ವರ್ಡ್‌ಗಳನ್ನು ಪರಿಶೀಲಿಸುವ ವಿಂಡೋಸ್‌ನ ಡೊಮೈನ್ ಕಂಟ್ರೋಲರ್‌ಗಳ ಮಟ್ಟಿಗೆ ನನ್ನ ಅಭಿಪ್ರಾಯ ಗಟ್ಟಿ. ಅವನ್ನು ಸಾಗಿಸಲೇಬಾರದು. ಹೊಸ ಕಡೆ ಹೊಸದೊಂದನ್ನು ಕಟ್ಟಿ, ಅದು ಹಳೆಯದರಿಂದ ಎಲ್ಲವನ್ನೂ ಪಡೆದುಕೊಂಡ ಮೇಲೆ, ಹಳೆಯದನ್ನು ಗೌರವದಿಂದ ಕೆಳಗಿಳಿಸಬೇಕು. ಹೊಸದು ಕೆಲಸ ಶುರು ಮಾಡಿದ ಮೇಲೆ ಹಳೆಯ ನಕಲು ಆಕಸ್ಮಿಕವಾಗಿ ಎದ್ದರೆ, ಯಾರ ಪಾಸ್‌ವರ್ಡ್ ಯಾವುದು ಎಂದು ಇಬ್ಬರೂ ಬೇರೆ ಬೇರೆ ಹೇಳಲು ಶುರು ಮಾಡುತ್ತಾರೆ. ಅದನ್ನು ಬಿಡಿಸುವುದು ಯಾರಿಗೂ ಬೇಡ.

ಇಷ್ಟೂ ಮಷೀನ್ ಒಳಗಿನ ಮಾತು. ನಿಮ್ಮ ಲೇಖನ ಇದರಲ್ಲಿ ಅರ್ಧವನ್ನಾದರೂ ಮುಟ್ಟಿತ್ತು. ಮುಟ್ಟದೇ ಬಿಟ್ಟದ್ದು ಮಷೀನ್‌ನ ಸುತ್ತ ಇರುವುದನ್ನು. ಅದೇ ದೊಡ್ಡದು.

ಬ್ಯಾಕಪ್ ತೆಗೆದುಕೊಳ್ಳಿ. ಮಷೀನ್ ಹೊಸ ಕಡೆ ಬಂದ ದಿನ ಅದರ ಬ್ಯಾಕಪ್ ಮತ್ತೆ ಮೊದಲಿನಿಂದ ಶುರು. ಬ್ಯಾಕಪ್ ಸಾಫ್ಟ್‌ವೇರ್ ಕಣ್ಣಿಗೆ ಅದು ಹೊಸ ಮಷೀನ್. ಹಾಗಾಗಿ ಮೊದಲ ಪೂರ್ತಿ ಬ್ಯಾಕಪ್‌ಗೆ ಜಾಗ ಬೇಕು, ರಾತ್ರಿಯ ಹೊತ್ತು ಬೇಕು. ಎಲ್ಲ ಮಷೀನ್‌ಗಳನ್ನು ಒಂದೇ ವಾರ ತಂದರೆ ಬ್ಯಾಕಪ್ ಡಿಸ್ಕ್ ತುಂಬಿಯೇ ತುಂಬುತ್ತದೆ. ಸರಿ, ಅದಕ್ಕೊಂದು ಡಿಸ್ಕ್ ಕೊಂಡರಾಯಿತು. ಹಳೆಯ ಬ್ಯಾಕಪ್‌ಗಳನ್ನು ಏನು ಮಾಡುತ್ತೀರಿ? ಲೆಕ್ಕಪತ್ರ ಇರುವ ಮಷೀನ್‌ಗಳ ಪ್ರತಿಗಳನ್ನು ವರ್ಷಗಟ್ಟಲೆ ಇಡಬೇಕು. ಅವೆಲ್ಲ ಹಳೆಯ ಹೈಪರ್‌ವೈಸರ್ ರೂಪದಲ್ಲಿವೆ. ಕೆಲವು ಬ್ಯಾಕಪ್ ಸಾಫ್ಟ್‌ವೇರ್‌ಗಳು ಒಂದರಿಂದ ತೆಗೆದದ್ದನ್ನು ಇನ್ನೊಂದರಲ್ಲಿ ಕೂರಿಸುತ್ತವೆ. ಒಳ್ಳೆಯದೇ. ಆದರೆ ಎರಡು ವರ್ಷದ ಹಿಂದಿನ ಆ ಪ್ರತಿಯೊಳಗೆ ಹೊಸ ಡ್ರೈವರ್ ಇರುವುದಿಲ್ಲ. ಅದು ಏಳುವಾಗ ಮತ್ತೆ ನೀಲಿ ಪರದೆ, ಮತ್ತೆ ಸಾಟಾ, ಮತ್ತೆ ಖಾಲಿ ಡಿಸ್ಕ್. ಅಷ್ಟರಲ್ಲಿ ಈ ಸರ್ಕಸ್ ಬಲ್ಲವರು ಕೆಲಸ ಬಿಟ್ಟು ಹೋಗಿರುತ್ತಾರೆ. ನಾವು ಮಾಡಿದ್ದು ಇಷ್ಟು: ಮುಖ್ಯವಾದ ಹಳೆಯ ಪ್ರತಿಗಳಲ್ಲಿ ಒಂದೊಂದನ್ನು ಹೊಸ ಕಡೆ ನಿಜವಾಗಿ ಎಬ್ಬಿಸಿ ನೋಡಿದೆವು. ಹಂತಗಳನ್ನು ಬರೆದು ಆ ಬ್ಯಾಕಪ್ ಪಕ್ಕದಲ್ಲೇ ಇಟ್ಟೆವು. ಡೇಟಾ ಮಾತ್ರ ಸಾಕು ಅನ್ನುವ ಕಡೆ, ಮಷೀನ್ ಬದಲು ಫೈಲ್‌ಗಳನ್ನೇ ಹೊರತೆಗೆದು ಸಾದಾ ರೂಪದಲ್ಲಿ ಇಟ್ಟೆವು. ಇದಕ್ಕೆ ಹಿಡಿದ ಸಮಯ ಮಷೀನ್ ಸಾಗಿಸಲು ಹಿಡಿದದ್ದಕ್ಕಿಂತ ಜಾಸ್ತಿ. ಯಾವ ಕ್ಲಿಕ್ಕಿಗೂ ಇದು ಸಿಗುವುದಿಲ್ಲ.

ಲೈಸೆನ್ಸ್ ಇನ್ನೊಂದು. ನೆಟ್‌ವರ್ಕ್ ಕಾರ್ಡಿನ ಗುರುತಾದ ಮ್ಯಾಕ್ ವಿಳಾಸ ನೋಡಿ, ಮಷೀನ್‌ನ ಗುರುತು ಸಂಖ್ಯೆಯಾದ ಯುಯುಐಡಿ ನೋಡಿ ಓಡುವ ಸಾಫ್ಟ್‌ವೇರ್‌ಗಳಿವೆ. ಹೊಸ ಕಡೆ ಅವು ಬದಲಾದರೆ, ತಾನು ಕದ್ದ ಮಾಲು ಎಂದು ತಿಳಿದು ಸಾಫ್ಟ್‌ವೇರ್ ಬಾಗಿಲು ಮುಚ್ಚುತ್ತದೆ. ಮ್ಯಾಕ್ ವಿಳಾಸವನ್ನು ಹಳೆಯದೇ ಇಟ್ಟರೆ ಹಲವು ಸಲ ಬಗೆಹರಿಯುತ್ತದೆ. ಎಲ್ಲ ಸಲ ಅಲ್ಲ. ನಮ್ಮ ಹಾಜರಿ ಸಾಫ್ಟ್‌ವೇರ್ ಕೊಟ್ಟವರು, ‘ವೇದಿಕೆ ಬದಲಾಯಿಸಿದ್ದೀರಿ, ಹಾಗಾಗಿ ಇದು ಹೊಸ ಇನ್‌ಸ್ಟಾಲೇಶನ್’ ಎಂದು ಹೊಸ ಬಿಲ್ ಕಳಿಸಿದರು. ಸಾಫ್ಟ್‌ವೇರ್‌ನಲ್ಲಿ ಒಂದಕ್ಷರವೂ ಬದಲಾಗಿರಲಿಲ್ಲ. ವಾದ ಮಾಡಿ ಬಿಲ್ ಬಿಡಿಸಿದ್ದಾಯಿತು. ಆದರೆ ವಾದ ಮುಗಿಯುವವರೆಗೆ ಆ ಮಷೀನ್ ಹಳೆಯ ಕಡೆಯೇ ಉಳಿಯಿತು. ಅದೊಂದಕ್ಕಾಗಿ ಹಳೆಯ ಸರ್ವರ್ ಒಂದನ್ನು ಉರಿಸುತ್ತಲೇ ಇದ್ದೆವು. ಹೀಗೆ ಒಂದೆರಡು ಮಷೀನ್ ಹಿಂದುಳಿದರೆ ಹಳೆಯ ವೇದಿಕೆಯ ಚಂದಾವನ್ನೂ ಮುಂದುವರಿಸಬೇಕಾಗುತ್ತದೆ ಅನ್ನುವುದನ್ನು ಲೆಕ್ಕ ಹಾಕುವವರು ಮರೆಯುತ್ತಾರೆ. ತೊಂಬತ್ತು ಭಾಗ ಸಾಗಿಸಿದರೆ ತೊಂಬತ್ತು ಭಾಗ ಉಳಿತಾಯ ಆಗುವುದಿಲ್ಲ. ಕೊನೆಯ ಮಷೀನ್ ಹೊರಟ ದಿನವೇ ಉಳಿತಾಯ ಶುರು.

ಯುಎಸ್‌ಬಿ ಡಾಂಗಲ್ ಅಂತ ಒಂದು ಪ್ರಾಣಿ ಇದೆ. ಸಾಫ್ಟ್‌ವೇರ್ ಕದಿಯದಿರಲಿ ಎಂದು ಕೊಡುವ ಸಣ್ಣ ಕಡ್ಡಿ. ಅದು ಸರ್ವರ್ ಹಿಂಬದಿ ಸಿಕ್ಕಿಕೊಂಡಿರುತ್ತದೆ, ಹೈಪರ್‌ವೈಸರ್ ಮೂಲಕ ಒಂದು ಮಷೀನ್‌ಗೆ ಮಾತ್ರ ಕಾಣುತ್ತದೆ. ಯಾವ ಸಾಗಣೆ ಸಾಧನಕ್ಕೂ ಇದು ಕಾಣುವುದಿಲ್ಲ. ಹಿಂದೆ ಹೋಗಿ ಟಾರ್ಚ್ ಹಾಕಿ ನೋಡಿದವರಿಗೆ ಮಾತ್ರ ಕಾಣುತ್ತದೆ. ನಿಮ್ಮ ಲೇಖನದ ಪಕ್ಕ ಐದು ಹಂತಗಳ ಚೌಕಟ್ಟು ಹಾಕಿದ್ದಿರಿ. ಅವೆಲ್ಲಕ್ಕೂ ಮುಂಚೆ ಟಾರ್ಚ್ ಹಿಡಿದು ಸರ್ವರ್ ಹಿಂಬದಿ ನೋಡಿ ಎಂದು ಸೇರಿಸಿದರೆ ನನ್ನಂಥವರು ನಗುತ್ತಾರೆ, ಆದರೆ ಒಪ್ಪುತ್ತಾರೆ.

ಆ ಚೌಕಟ್ಟಿನಲ್ಲಿ ಪಟ್ಟಿ ಮಾಡುವ ಹಂತವೂ ಇರಲಿಲ್ಲ. ಯಾವ ಮಷೀನ್ ಯಾರದು, ಏನು ಮಾಡುತ್ತದೆ, ಯಾವುದರ ಜೊತೆ ಮಾತಾಡುತ್ತದೆ, ಎಷ್ಟು ಹೊತ್ತು ನಿಲ್ಲಬಹುದು. ಹೈಪರ್‌ವೈಸರ್ ಕೊಡುವ ಪಟ್ಟಿಯಲ್ಲಿ ಹೆಸರು, ಮೆಮೊರಿ, ಡಿಸ್ಕ್ ಮಾತ್ರ ಇರುತ್ತದೆ. ‘ಟೆಸ್ಟ್-ಹೊಸದು-2’ ಅನ್ನುವ ಮಷೀನ್ ಟೆಸ್ಟೂ ಅಲ್ಲ, ಹೊಸದೂ ಅಲ್ಲ, ಅದರ ಮೇಲೆ ಸಂಬಳದ ವರದಿ ಓಡುತ್ತಿದೆ ಅನ್ನುವುದು ಪಟ್ಟಿಯಲ್ಲಿ ಬರುವುದಿಲ್ಲ. ವಿಭಾಗ ವಿಭಾಗಕ್ಕೆ ಹೋಗಿ ಕೇಳಬೇಕು. ನಿವೃತ್ತರಾದ ಹಿರಿಯರೊಬ್ಬರಿಗೆ ಫೋನ್ ಮಾಡಿ, ‘ಸರ್, ಇದು ಏನಕ್ಕೆ ಮಾಡಿದ್ರಿ?’ ಎಂದು ಕೇಳಿದ್ದೂ ಇದೆ. ಅವರಿಗೆ ಖುಷಿಯಾಯಿತು, ನಮಗೆ ಉತ್ತರವೂ ಸಿಕ್ಕಿತು. ಯಾರೂ ತಮ್ಮದು ಅನ್ನದ ಮಷೀನ್‌ಗಳ ನೆಟ್‌ವರ್ಕ್ ಕಿತ್ತು ಕಾದೆವು. ಕೆಲವಕ್ಕೆ ಅದೇ ದಿನ ಫೋನ್ ಬಂತು. ಒಂದಕ್ಕೆ ತಿಂಗಳ ಕೊನೆಯಲ್ಲಿ ಬಂತು, ತಿಂಗಳಿಗೊಮ್ಮೆ ಮಾತ್ರ ಓಡುವ ಕೆಲಸ ಅದು. ಹಲವಕ್ಕೆ ಬರಲೇ ಇಲ್ಲ. ಅವನ್ನು ಸಾಗಿಸುವ ಬದಲು ತೆಗೆದೇ ಹಾಕಿದೆವು. ಈ ಇಡೀ ಕೆಲಸದಲ್ಲಿ ನನಗೆ ಅತಿ ಹೆಚ್ಚು ಸಮಾಧಾನ ಕೊಟ್ಟದ್ದು ಇದು, ಹೇಳಿಕೊಳ್ಳಲು ನಾಚಿಕೆಯಿಲ್ಲ.

ಲೇಖನದ ಕೊನೆಯಲ್ಲಿ ‘ಓಪನ್ ಸೋರ್ಸ್‌ಗೆ ಹೋದರೆ ಖರ್ಚೇ ಇಲ್ಲ’ ಎಂಬ ಮಾತಿದೆ. ಅದನ್ನೂ ತಿದ್ದಬೇಕು. ಸಾಫ್ಟ್‌ವೇರ್ ಇಳಿಸಿಕೊಳ್ಳಲು ದುಡ್ಡಿಲ್ಲ, ನಿಜ. ಬೆಂಬಲ ಬೇಕೆಂದರೆ ಚಂದಾ ಇದೆ, ಮತ್ತು ಅದು ಕೊಡಬೇಕಾದ ದುಡ್ಡೇ. ಕಲಿಯುವ ಸಮಯಕ್ಕೂ ಬೆಲೆ ಇದೆ. ಹಳೆಯ ವೇದಿಕೆಯಲ್ಲಿ ಕಣ್ಣು ಮುಚ್ಚಿ ಮಾಡುತ್ತಿದ್ದ ಕೆಲಸವನ್ನು ಹೊಸದರಲ್ಲಿ ಪುಸ್ತಕ ನೋಡಿ ಮಾಡಬೇಕು. ಸ್ಟೋರೇಜ್ ಕಟ್ಟುವ ರೀತಿಯೇ ಬೇರೆ. ಒಂದು ಸರ್ವರ್ ಸತ್ತಾಗ ಮಷೀನ್‌ಗಳು ಇನ್ನೊಂದರ ಮೇಲೆ ತಾವಾಗಿ ಏಳುವ ವ್ಯವಸ್ಥೆ ಎರಡೂ ಕಡೆ ಇದೆ, ಆದರೆ ಅದು ನಡೆದುಕೊಳ್ಳುವ ರೀತಿ ಬೇರೆ. ಅದನ್ನು ತಿಳಿಯಲು ಒಂದು ಸರ್ವರ್‌ನ ಪ್ಲಗ್ ಕಿತ್ತು ನೋಡಲೇಬೇಕು. ಹಗಲಲ್ಲಿ, ಎಲ್ಲರೂ ಎಚ್ಚರ ಇರುವಾಗ.

ಒಂದು ವೇದಿಕೆ ಬಿಟ್ಟು ಇನ್ನೊಂದಕ್ಕೆ ಹೋದರೆ ಇನ್ನು ನಿಶ್ಚಿಂತೆ ಎಂದು ತಿಳಿದವರಿಗೂ ಒಂದು ಮಾತು. ಕೆವಿಎಂ ಹುಟ್ಟಿದ್ದು ಕ್ಯುಮ್ರಾನೆಟ್ ಅನ್ನುವ ಸಣ್ಣ ಕಂಪನಿಯಲ್ಲಿ. 2008ರಲ್ಲಿ ಅದನ್ನು ರೆಡ್ ಹ್ಯಾಟ್ ಕೊಂಡಿತು. 2019ರಲ್ಲಿ ರೆಡ್ ಹ್ಯಾಟ್ ಅನ್ನು ಐಬಿಎಂ ಕೊಂಡಿತು. ವಿಎಂವೇರ್ ಕೂಡ ಮೊದಲು ಇಎಂಸಿ ಕೈಯಲ್ಲಿತ್ತು, ಆಮೇಲೆ ಡೆಲ್ ಕೈಗೆ ಹೋಯಿತು, ನಡುವೆ ಸ್ವಲ್ಪ ಕಾಲ ಸ್ವತಂತ್ರವಾಗಿತ್ತು. ಈ ಲೋಕದಲ್ಲಿ ಮಾಲೀಕರು ಬದಲಾಗುತ್ತಲೇ ಇರುತ್ತಾರೆ. ಕೆವಿಎಂನ ಕೋಡ್ ತೆರೆದಿರುವುದರಿಂದ ಅದನ್ನು ಯಾರೂ ಮುಚ್ಚಿಡಲಾಗದು. ಅದು ದೊಡ್ಡ ವ್ಯತ್ಯಾಸ, ನಾನೂ ಅದಕ್ಕೇ ಒಲಿದೆ. ಆದರೆ ಅದರ ಸುತ್ತ ಕಟ್ಟಿದ ನಿರ್ವಹಣಾ ಸಾಧನ, ಬೆಂಬಲ, ಬೆಲೆ ಇವೆಲ್ಲ ಯಾರದೋ ಕೈಯಲ್ಲೇ ಇವೆ, ಅಲ್ವಾ?

ಹಾಗಾಗಿ ಮೇಡಂ ಅವರಿಗೆ ನಾನು ಸಮಯದ ಜೊತೆ ಇನ್ನೊಂದನ್ನೂ ಕೇಳಿದ್ದೇನೆ. ಹೊಸ ವೇದಿಕೆಗೆ ಬಂದ ಮೇಲೂ ವರ್ಷಕ್ಕೊಮ್ಮೆ ಒಂದು ಮಷೀನನ್ನು ಅಲ್ಲಿಂದ ಹೊರತಂದು, ಬೇರೊಂದು ಹೈಪರ್‌ವೈಸರ್ ಮೇಲೆ ಎಬ್ಬಿಸಿ ನೋಡಲು ಒಂದು ಹಳೆಯ ಸರ್ವರ್ ಮತ್ತು ಕೆಲವು ದಿನ ಬೇಕು. ಸುಲಭದ ಮಷೀನ್ ಅಲ್ಲ. ಡೇಟಾಬೇಸ್ ಇರುವ, ಲೈಸೆನ್ಸ್ ಇರುವ, ಎಲ್ಲರೂ ಬಳಸುವ ಮಷೀನ್. ಎಷ್ಟು ಹೊತ್ತು ಹಿಡಿಯಿತು, ಎಲ್ಲಿ ಸಿಕ್ಕಿಕೊಂಡಿತು ಎಂದು ಬರೆದಿಟ್ಟರೆ, ಮುಂದಿನ ಸಲ ಚಂದಾ ನವೀಕರಣದ ಕಾಗದ ಬಂದಾಗ ಅವರ ಮೇಜಿನ ಮೇಲೆ ನಿಜವಾದ ಲೆಕ್ಕ ಇರುತ್ತದೆ. ಮಾರಲು ಬರುವವರನ್ನೂ ಒಂದು ಪ್ರಶ್ನೆ ಕೇಳಿ ಎಂದಿದ್ದೇನೆ. ‘ನಿಮ್ಮನ್ನು ಬಿಟ್ಟು ಹೋಗಬೇಕಾದರೆ ಹೇಗೆ?’ ಒಳಗೆ ಬರುವ ದಾರಿಯನ್ನು ಅವರು ಸ್ಲೈಡ್ ಹಾಕಿ ಚೆನ್ನಾಗಿ ತೋರಿಸುತ್ತಾರೆ. ಹೊರಗೆ ಹೋಗುವುದನ್ನೂ ನಮ್ಮ ಒಂದು ಮಷೀನ್ ಇಟ್ಟುಕೊಂಡು ಮಾಡಿ ತೋರಿಸಲಿ. ಅದಕ್ಕೆ ಹಿಂದೇಟು ಹಾಕುವವರ ಕಾಗದಕ್ಕೆ ಸಹಿ ಬೇಡ ಎಂದು ನನ್ನ ಟಿಪ್ಪಣಿಯಲ್ಲಿ ಬರೆದಿದ್ದೇನೆ. ಟಿಪ್ಪಣಿ ಸದ್ಯ ಅವರ ಬಳಿ ಇದೆ.

ಇಂತಿ ನಿಮ್ಮ ಓದುಗ,
ಒಬ್ಬ ಸಿಸ್ಟಮ್ ಅಡ್ಮಿನ್